ಕದಳಿಯ ವಂಶಾವಳಿ

ಅಪ್ಪ ಅಡಿಕೆಯ ಲೆಕ್ಕ ಬರೆಯುತ್ತಿದ್ದಂಥದೇ ಉದ್ದನೆಯ, ಕೆಂಪು ರಟ್ಟಿನ ಪುಸ್ತಕವೊಂದು ಮಿಶಿಗನ್ನಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿದೆ. ಪುತ್ತೂರು ಪೇಟೆಯಲ್ಲಿ ಕೊಂಡು, ಪೆಟ್ಟಿಗೆಯ ತಳದಲ್ಲಿ ಸೀರೆಗಳ ನಡುವೆ ಇಟ್ಟು ತಂದದ್ದು. ಅಪ್ಪನ ಪುಸ್ತಕದಲ್ಲಿ ಚಾಲಿ, ಪಟೋರ, ಕರಿಗೋಟು, ಧಾರಣೆ ಎಂದು ಗೆರೆ ಎಳೆದಿರುತ್ತಿತ್ತು. ನನ್ನದರಲ್ಲಿ ತಾಯಿ, ತಂದೆ, ಮೊಟ್ಟೆ ಎಷ್ಟು, ಜೊಳ್ಳು ಎಷ್ಟು, ಒಡೆದ ದಿನ, ಮರಿಯ ಬಣ್ಣ, ಗಂಡೋ ಹೆಣ್ಣೋ, ತೂಕ ಎಂದಿದೆ. ಹನ್ನೊಂದು ವರ್ಷಗಳ ಹಾವಿನ ಲೆಕ್ಕ. ಅದರಲ್ಲಿ ಮೂರು ಕಡೆ ಮಾತ್ರ ನಾನು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಈ ಬರಹ ಆ ಮೂರು ಕಾಟುಗಳ ಕುರಿತು.

ಹಾವು ಮನೆಗೆ ಬಂದದ್ದು ಮಗನಿಂದ. 2012ರಲ್ಲಿ ಅವನಿಗೆ ಹನ್ನೊಂದು ವರ್ಷ. ಲೈಬ್ರರಿಯಿಂದ ತಂದ ಪುಸ್ತಕವೊಂದನ್ನು ಮೂರು ಸಲ ನವೀಕರಿಸಿ ಓದಿದ, ಆಮೇಲೆ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲದಾಯಿತು. ಪುತ್ತೂರಿನಾಚೆಯ ಹಳ್ಳಿಯಲ್ಲಿ, ತೋಟದ ಮೂಲೆಯ ನಾಗಬನಕ್ಕೆ ಚಪ್ಪಲಿ ಬಿಚ್ಚಿ ಹೋಗುತ್ತಿದ್ದವಳು ನಾನು. ಹಾವನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟು ಸಾಕುವುದು ನನ್ನ ಕಲ್ಪನೆಗೆ ಹೊಂದದ ಸಂಗತಿ. ಕೊನೆಗೂ ಒಪ್ಪಿದ್ದು, ಪುಸ್ತಕದ ಚಿತ್ರದಲ್ಲಿ ಆ ಹಾವು ತಲೆಯನ್ನು ಸುರುಳಿಯ ನಡುವೆ ಅಡಗಿಸಿಕೊಂಡು ಚೆಂಡಿನಂತೆ ಕೂತದ್ದನ್ನು ನೋಡಿ. ಬಾಲ್ ಪೈಥಾನ್ ನಮ್ಮ ಹೆಬ್ಬಾವಿನ ದಾಯಾದಿಯೇ. ಆದರೆ ಹೆಣ್ಣು ಬೆಳೆದರೆ ನಾಲ್ಕೈದು ಅಡಿ, ಗಂಡು ಅದಕ್ಕಿಂತ ಗಿಡ್ಡ. ಹೆದರಿದರೆ ಮೈ ಮೇಲೆ ಬರುವುದಕ್ಕಿಂತ ಮುದುಡಿಕೊಳ್ಳುವುದೇ ಹೆಚ್ಚು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾಡು, ಹೊಲಗದ್ದೆಗಳ ಬಿಲಗಳು ಅದರ ಊರು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ದಶಕಗಳ ಕಾಲ ಹಡಗು, ವಿಮಾನಗಳಲ್ಲಿ ಇಲ್ಲಿಗೆ ಬಂದದ್ದರ ಸಂತತಿಯೇ ಇಂದು ಅಮೆರಿಕದ ಮನೆಮನೆಗಳಲ್ಲಿರುವುದು.

ಮೊದಲ ಮರಿ ಹೆಣ್ಣು, ಪಾಸ್ಟೆಲ್ ಎಂಬ ತಿಳಿ ಬಣ್ಣದ್ದು. ನನ್ನ ಅಂಗೈಯಲ್ಲಿ ಸುತ್ತಿಕೊಳ್ಳುವಷ್ಟು ಚಿಕ್ಕದು. ಹೊನ್ನಿ ಎಂದು ಹೆಸರಿಟ್ಟೆವು. ಮರುವರ್ಷ ಇನ್ನೆರಡು ಬಂದವು. ನನ್ನ ಯಜಮಾನರು ಕಾರು ಕಂಪನಿಯ ಎಂಜಿನಿಯರ್. ಅವರು ಹಳೆಯ ಕೂಲರ್ ಒಂದಕ್ಕೆ ಥರ್ಮೋಸ್ಟಾಟ್ ಜೋಡಿಸಿ ಇನ್‌ಕ್ಯುಬೇಟರ್ ಮಾಡಿಕೊಟ್ಟರು. ಮಗನ ಹವ್ಯಾಸ ಯಾವಾಗ ನನ್ನದಾಯಿತೋ ಸರಿಯಾಗಿ ಹೇಳಲಾರೆ. ಅವನು ಶಾಲೆಗೆ ಹೋದ ಮೇಲೆ ನೀರು ಬದಲಿಸುವವಳು, ಪೊರೆ ತೆಗೆಯುವವಳು, ತೂಕ ನೋಡುವವಳು ನಾನೇ ಆಗಿದ್ದೆ.

ಬಣ್ಣಗಳು ನನ್ನನ್ನು ಹಿಡಿದಿಟ್ಟವು. ಕಾಡಿನ ಬಾಲ್ ಪೈಥಾನ್ ಕಪ್ಪು-ಕಂದು. ಆದರೆ ಸಾಕಿದವರ ಬಳಿ ಹಳದಿ, ಬಿಳಿ, ಕಿತ್ತಳೆ, ನೇರಳೆ ಛಾಯೆಯವೂ ಇವೆ. ಇಂಥ ಬಣ್ಣದ ಮಾದರಿಗಳಿಗೆ ಮಾರ್ಫ್ ಎನ್ನುತ್ತಾರೆ. 1992ರಲ್ಲಿ ಬಾಬ್ ಕ್ಲಾರ್ಕ್ ಎಂಬ ಸಾಕಣೆಗಾರ ಅಲ್ಬಿನೊ ಹಾವಿನ ಸಂತತಿಯಲ್ಲಿ ಅಲ್ಬಿನೊ ಮರಿಗಳನ್ನು ಪಡೆದು, ಅದು ವಂಶದಲ್ಲಿ ಇಳಿದುಬರುವ ಗುಣವೆಂದು ತೋರಿಸಿದ ಮೇಲೆ ಈ ಕಸುಬಿಗೆ ವೇಗ ಬಂತು. ಪಿಯುಸಿಯಲ್ಲಿ ಬಟಾಣಿ ಗಿಡಗಳ ಮೇಲೆ ಕಲಿತ ಮೆಂಡಲನ ಪಾಠ ಇಪ್ಪತ್ತು ವರ್ಷಗಳ ನಂತರ ನನ್ನ ಕೈಗೆ ಜೀವಂತವಾಗಿ ಬಂದಿತ್ತು. ಕಾಗದದ ಮೇಲೆ ಚೌಕ ಬರೆದು, ತಾಯಿಯದ್ದು ಎಡಕ್ಕೆ, ತಂದೆಯದ್ದು ಮೇಲಕ್ಕೆ ಹಾಕಿ, ಅರುವತ್ತು ದಿನ ಕಾದರೆ ಉತ್ತರ ಮೊಟ್ಟೆಯಿಂದ ತಲೆ ಹೊರಹಾಕುತ್ತದೆ. ಆ ಸಂತೋಷವನ್ನು ಯಾರಿಗೂ ಸರಿಯಾಗಿ ವಿವರಿಸಲು ನನಗೆ ಆಗಿಲ್ಲ.

ಎಲ್ಲ ಬಣ್ಣವೂ ಸಂತೋಷದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸ್ಪೈಡರ್ ಎಂಬ ಮಾರ್ಫ್ ಇದೆ. ಜೇಡರಬಲೆಯಂಥ ತೆಳು ಗೆರೆಗಳ, ನೋಡಲು ಬಹಳ ಚಂದದ ಹಾವು. ಅದರ ತಲೆ ಅಲುಗುತ್ತದೆ. ಇಲಿಯನ್ನು ಹಿಡಿಯಲು ಹೋಗಿ ಗುರಿ ತಪ್ಪುತ್ತದೆ, ಕೆಲವೊಮ್ಮೆ ತಲೆಕೆಳಗಾಗಿ ತಿರುಚಿಕೊಳ್ಳುತ್ತದೆ. ಅದರ ಒಳಕಿವಿಯ ರಚನೆಯೇ ಊನವಾಗಿದೆ ಎಂದು 2022ರಲ್ಲಿ ಜರ್ಮನಿಯ ಸಂಶೋಧಕರು ಸ್ಕ್ಯಾನ್ ಮಾಡಿ ತೋರಿಸಿದರು. ನಾನು ಒಂದನ್ನು ಎರಡು ವಾರ ಮನೆಯಲ್ಲಿಟ್ಟು ನೋಡಿದ್ದೆ. ಬಣ್ಣವನ್ನೂ ಆ ನಡುಕವನ್ನೂ ಬೇರೆ ಮಾಡಲು ಈವರೆಗೆ ಯಾರಿಗೂ ಆಗಿಲ್ಲ. ಆ ಬಣ್ಣಕ್ಕಾಗಿ ಇನ್ನೊಂದು ಜೀವವನ್ನು ಹಾಗೆ ಹುಟ್ಟಿಸುವುದು ತಪ್ಪು ಎಂದು ಅಂದೇ ನಿರ್ಧರಿಸಿದೆ. ಅದು ನನ್ನ ಪುಸ್ತಕದಲ್ಲಿ ಎಲ್ಲಿಯೂ ಬಂದಿಲ್ಲ, ಬರುವುದೂ ಇಲ್ಲ.

ಮೊದಲ ಕಾಟು 2014ರದ್ದು. ಅಲ್ಬಿನೊ ಗುಣವನ್ನು ಒಳಗೆ ಅಡಗಿಸಿಕೊಂಡ, ಹೊರಗೆ ಸಾಮಾನ್ಯ ಬಣ್ಣದ ಜೋಡಿಯೊಂದನ್ನು ಕೊಂಡಿದ್ದೆ. ಇಂಥದಕ್ಕೆ ಹೆಟ್ ಎನ್ನುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ, ಮಾರುವವನ ಮಾತನ್ನು ನಂಬಬೇಕು. ಎರಡೂ ಹೆಟ್ ಆದರೆ ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಪಾಲು ಅಲ್ಬಿನೊ ಆಗುವ ಸಂಭವ. ಆರು ಮೊಟ್ಟೆ, ಆರೂ ಒಡೆದವು, ಆರೂ ಕಂದು. ಪುಸ್ತಕದ ತಂದೆಯ ಕಾಲಮ್ಮಿನಲ್ಲಿ ‘ಹೆಟ್’ ಎಂದಿದ್ದುದನ್ನು ಹೊಡೆದು ‘ಸುಳ್ಳು’ ಎಂದು ಬರೆದೆ. ಮಾರಿದವನಿಗೆ ಕಟುವಾದ ಪತ್ರವನ್ನೂ ಬರೆದೆ. ಅವನು ಶಾಂತವಾಗಿ ಉತ್ತರ ಕೊಟ್ಟ: ಇನ್ನೊಂದು ವರ್ಷ ನೋಡಿ. ಮರುವರ್ಷ ಅದೇ ಜೋಡಿಯ ಐದು ಮೊಟ್ಟೆಗಳಲ್ಲಿ ಎರಡರಿಂದ ಕೆಂಪು ಕಣ್ಣಿನ, ಹಾಲು-ಹಳದಿ ಮರಿಗಳು ಹೊರಬಂದವು. ಆರು ಮೊಟ್ಟೆಯಲ್ಲಿ ಒಂದೂ ಬಾರದಿರುವುದು ನೂರಕ್ಕೆ 18 ಸಲ ಆಗಿಯೇ ಆಗುತ್ತದೆ ಎಂಬ ಲೆಕ್ಕವನ್ನು ನಾನು ಪತ್ರ ಬರೆಯುವ ಮೊದಲೇ ಮಾಡಬಹುದಿತ್ತು. ಕ್ಷಮೆ ಕೇಳಿ ಎರಡನೆಯ ಪತ್ರ ಬರೆದೆ.

ಕದಳಿ ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ, ಶಿಕಾಗೋ ಬಳಿಯ ಟಿನ್ಲಿ ಪಾರ್ಕಿನಲ್ಲಿ ನಡೆಯುವ ಸರೀಸೃಪಗಳ ಮೇಳದಿಂದ. ಐದು ಗಂಟೆ ಕಾರು ಓಡಿಸಿ ಹೋಗಿದ್ದೆವು. ಅದು ಬನಾನಾ ಎಂಬ ಮಾರ್ಫ್. ಮರಿಯಾಗಿದ್ದಾಗ ಹಳದಿಯ ನಡುವೆ ತಿಳಿನೇರಳೆ. ಬೆಳೆಯುತ್ತ ಹೋದಂತೆ ಮೈಮೇಲೆ ಕಪ್ಪು ಚುಕ್ಕೆಗಳು ಏಳುತ್ತವೆ, ಗೊನೆಯಲ್ಲಿ ಹಣ್ಣಾದ ಬಾಳೆಗೆ ಏಳುವ ಹಾಗೆಯೇ. ನಮ್ಮೂರಿನ ಕದಳಿಯ ಹೆಸರು ತಾನಾಗಿಯೇ ಬಂತು. ಮುಂದೆ ಅವನ ಸಂತತಿಗೆಲ್ಲ ಬಾಳೆಯ ಹೆಸರುಗಳೇ ಆದವು.

2016ರ ಮೇ ತಿಂಗಳಲ್ಲಿ ಅಮ್ಮ ಊರಿನಿಂದ ಬಂದರು. ನೆಲಮಾಳಿಗೆಯ ಮೆಟ್ಟಿಲಿನವರೆಗೆ ಬಂದು ನಿಂತವರು ಕೆಳಗಿಳಿಯಲು ಹದಿನೈದು ದಿನ ತೆಗೆದುಕೊಂಡರು. ಅವರದು ಬರಿಯ ಹೆದರಿಕೆಯಲ್ಲ. ನಮ್ಮ ಕಡೆ ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡುವ ಹಾಗೆಯೇ ಸಂಸ್ಕಾರ ಮಾಡುತ್ತಾರೆ. ಹಾವನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ ಅಮ್ಮನ ಮಟ್ಟಿಗೆ ದೇವರ ಸೊತ್ತಿಗೆ ಬೆಲೆ ಕಟ್ಟಿದಂತೆ. ಒಂದು ಸಂಜೆ ಬೆನಿನ್ ದೇಶದ ವೀಡಾ ಪಟ್ಟಣದ ಚಿತ್ರಗಳನ್ನು ತೋರಿಸಿದೆ. ಅಲ್ಲಿ ಇದೇ ಹಾವುಗಳಿಗೆ ಒಂದು ಗುಡಿಯಿದೆ. ನೈಜೀರಿಯದ ಇಗ್ಬೊ ಜನರಲ್ಲಿ ಹೆಬ್ಬಾವನ್ನು ಅರಿಯದೆ ಕೊಂದವರು ಅದಕ್ಕೆ ಶವಪೆಟ್ಟಿಗೆ ಮಾಡಿಸಿ ಮಣ್ಣು ಮಾಡುವ ಪದ್ಧತಿಯಿದೆ ಎಂಬುದನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಆ ಚಿತ್ರಗಳನ್ನು ನೋಡಿದರು.

“ಅಲ್ಲಿಯೂ ನಾಗಬನ ಉಂಟು ಹಾಗಾದರೆ” ಅಂದರು. ಮರುದಿನ ಮೆಟ್ಟಿಲಿಳಿದು ಬಂದರು.

ಆಗ ಕದಳಿಯ ಮೊದಲ ಸಂತತಿ ಮೊಟ್ಟೆಯಲ್ಲಿತ್ತು. ಏಳು ಮೊಟ್ಟೆಗಳು. ಅವನ್ನು ಇನ್‌ಕ್ಯುಬೇಟರಿಗೆ ತೆಗೆಯುವ ಮೊದಲು ತಾಯಿ ಅವುಗಳ ಸುತ್ತ ಮೈಯನ್ನು ಬಿಗಿಯಾಗಿ ಸುತ್ತಿಕೊಂಡು ಮಲಗಿದ್ದಳು. ಅಮ್ಮ ಬಾಗಿ ನೋಡಿದರು.

“ಇವುಗಳಲ್ಲಿ ಗಂಡೋ ಹೆಣ್ಣೋ ಅಂತ ಆಗುವುದು ಯಾರಿಂದ?”

ಅಮ್ಮನ ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನನಗೆ ಗೊತ್ತು. ನಾನು ಮೂರನೆಯ ಹೆಣ್ಣು. ಹುಟ್ಟುವ ಮೊದಲೇ ನನಗೆ ಸುಬ್ರಹ್ಮಣ್ಯ ಎಂದು ಹೆಸರು ಗೊತ್ತು ಮಾಡಿದ್ದರು. ಇಬ್ಬರು ಅಕ್ಕಂದಿರ ನಂತರ ಮನೆಯವರು ಕುಕ್ಕೆಗೆ ಹೋಗಿ ಎರಡು ದಿನ ನಿಂತು ಸರ್ಪಸಂಸ್ಕಾರ ಮಾಡಿಸಿದ್ದರು. ಮೂರನೆಯದೂ ಹೆಣ್ಣಾದಾಗ ಅಜ್ಜಿ ಒಳಗೆ ಬಂದು ನೋಡಲಿಲ್ಲವಂತೆ. “ಒಳ್ಳೆದಾಯ್ತು” ಅಂತ ಹೇಳಿದ್ದು ಸೂಲಗಿತ್ತಿ ಒಬ್ಬಳೇ ಎಂದು ಅಮ್ಮ ನನಗೆ ಒಂದು ಸಲ, ಒಂದೇ ಸಲ, ಹೇಳಿದ್ದರು. ಪಿಯುಸಿಯಲ್ಲಿ ಎಕ್ಸ್-ವೈ ಪಾಠವಾದ ದಿನ ನಾನು ಬಸ್ಸಿಳಿದು ಓಡುತ್ತ ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ: ಮಗು ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯಿಂದ ಬರುವುದು, ನಿನ್ನಿಂದ ಅಲ್ಲ. ಅಮ್ಮ ಒಲೆಯ ಎದುರಿನಿಂದ ತಿರುಗದೆ, “ಮೆಲ್ಲ ಮಾತಾಡು, ಅಜ್ಜಿಗೆ ಕೇಳುತ್ತದೆ” ಅಂದಿದ್ದರು.

ಅದೇ ಪಾಠದಲ್ಲಿ ಹಕ್ಕಿಗಳಲ್ಲೂ ಹಾವುಗಳಲ್ಲೂ ಇದು ತಿರುವುಮುರುವು ಎಂದಿತ್ತು. ಅಲ್ಲಿ ಗಂಡಿನದು ಒಂದೇ ಬಗೆಯ ಎರಡು ಕ್ರೋಮೋಸೋಮು, ಹೆಣ್ಣಿನದು ಎರಡು ಬಗೆಯವು. ಆದ್ದರಿಂದ ನಿರ್ಧಾರ ತಾಯಿಯ ಕಡೆಯಿಂದ. ನಾನು ಓದಿದ್ದನ್ನೇ ಹೇಳಿದೆ.

“ಹಾವಿನಲ್ಲಿ ತಾಯಿಯಿಂದ, ಅಮ್ಮ.”

ಅಮ್ಮ ಮೊಟ್ಟೆ ಸುತ್ತಿಕೊಂಡವಳನ್ನೇ ನೋಡುತ್ತ, “ಪಾಪ” ಅಂದರು.

ಆ ವರ್ಷದ ನಾಗರಪಂಚಮಿ ಬರುವ ಹೊತ್ತಿಗೆ ಏಳೂ ಮರಿಗಳು ಹೊರಬಂದು ಮೊದಲ ಪೊರೆ ಬಿಟ್ಟಿದ್ದವು. ಅಮ್ಮ ನೆಲಮಾಳಿಗೆಯ ಬಾಗಿಲಿಗೆ ಅರಿಶಿನ ಹಚ್ಚಿ, ಹೊಸ್ತಿಲಲ್ಲಿ ಸ್ವಲ್ಪ ಅಕ್ಷತೆ ಹಾಕಿದರು. ನಾನು ಒಂದೊಂದೇ ಮರಿಯನ್ನು ಎತ್ತಿ, ಬಾಲದ ಬುಡವನ್ನು ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ ಗಂಡೋ ಹೆಣ್ಣೋ ನೋಡುತ್ತ ಹೋದೆ. ಮಗ ಪುಸ್ತಕದಲ್ಲಿ ಬರೆದುಕೊಂಡ. ಬನಾನಾ ನಾಲ್ಕು, ನಾಲ್ಕೂ ಗಂಡು. ಸಾಮಾನ್ಯ ಬಣ್ಣದವು ಮೂರು, ಮೂರೂ ಹೆಣ್ಣು.

ನನ್ನ ಕೈ ತಪ್ಪಿರಬೇಕು ಎಂದುಕೊಂಡು ಮತ್ತೆ ನೋಡಿದೆ. ಅಷ್ಟೇ. ಬಣ್ಣಕ್ಕೂ ಲಿಂಗಕ್ಕೂ ಸಂಬಂಧವಿಲ್ಲದಿದ್ದರೆ, ಏಳೂ ಹೀಗೆ ಸಾಲುಗಟ್ಟುವುದು 128ರಲ್ಲಿ ಒಂದು ಸಲ. ಮೊದಲ ಸಲದ ಪಾಠ ನೆನಪಿತ್ತು, ಅವಸರದಿಂದ ಯಾರನ್ನೂ ದೂರಬಾರದು. 128ರಲ್ಲಿ ಒಂದು ಸಲವೂ ಆಗಬಹುದಲ್ಲ? ಅಂಚಿನಲ್ಲಿ ‘ಆಕಸ್ಮಿಕ’ ಎಂದು ಬರೆದೆ.

2017ರಲ್ಲಿ ಕದಳಿಯನ್ನು ಬೇರೆ ಹೆಣ್ಣಿಗೆ ಕೂಡಿಸಿದೆ. ಆರು ಮರಿ: ಬನಾನಾ ಗಂಡು ಮೂರು, ಸಾಮಾನ್ಯ ಹೆಣ್ಣು ಎರಡು, ಬನಾನಾ ಹೆಣ್ಣು ಒಂದು. ತಾಯಿ ಬೇರೆಯಾದರೂ ಲೆಕ್ಕ ಹೆಚ್ಚು ಕಡಿಮೆ ಅದೇ. ಹಾಗಾದರೆ ಇದನ್ನು ಮಾಡುತ್ತಿರುವವನು ಕದಳಿಯೇ. ಅವನನ್ನು ಸಾಕಿದ್ದ ಮನುಷ್ಯನಿಗೆ ಫೋನ್ ಮಾಡಿದೆ. ಅವನಿಗೆ ಇದೇನೂ ಹೊಸದಲ್ಲ. “ಹೌದು, ಅವನು ಮೇಲ್ ಮೇಕರ್. ಅವನ ಅಪ್ಪ ಬನಾನಾ, ಅಮ್ಮ ಸಾಮಾನ್ಯ ಬಣ್ಣದವಳು. ಅಮ್ಮ ಬನಾನಾ ಆಗಿದ್ದರೆ ಫೀಮೇಲ್ ಮೇಕರ್ ಆಗುತ್ತಿದ್ದ” ಎಂದ. ಬನಾನಾ ಸಾಕುವವರಿಗೆಲ್ಲ ಇದು ಕೆಲವು ವರ್ಷಗಳಿಂದ ಗೊತ್ತಂತೆ. ಬಣ್ಣ ಅಪ್ಪನಿಂದ ಬಂದ ಗಂಡು ಅದನ್ನು ಗಂಡುಮಕ್ಕಳಿಗೆ ದಾಟಿಸುತ್ತಾನೆ. ಅಮ್ಮನಿಂದ ಬಂದಿದ್ದರೆ ಹೆಣ್ಣುಮಕ್ಕಳಿಗೆ. ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ಯಾಕೆ ಹಾಗೆ ಎಂದು ಕೇಳಿದರೆ, ಅದು ಹಾಗೆಯೇ ಎಂದ.

ಫೋನ್ ಇಟ್ಟು ಪುಸ್ತಕದ ಮುಂದೆ ಕೂತೆ. ಅವನು ಹೇಳಿದ ನಿಯಮಕ್ಕೆ ಅರ್ಥ ಬರಬೇಕಾದರೆ ಒಂದೇ ದಾರಿಯಿತ್ತು. ಎರಡು ಬಗೆಯ ಕ್ರೋಮೋಸೋಮು ಇರಬೇಕಾದದ್ದು ಗಂಡಿನಲ್ಲಿ. ಬನಾನಾದ ಜೀನ್ ಕದಳಿಯ ವೈ ಮೇಲೆ ಕೂತಿದೆ, ವೈ ಪಡೆದವರು ಗಂಡುಮಕ್ಕಳು, ಅವರ ಜೊತೆಗೆ ಬಣ್ಣವೂ ಹೋಗಿದೆ. ಆದರೆ ಹಾವಿಗೆ ವೈ ಇಲ್ಲ ಎಂದಲ್ಲವೇ ನಾನು ಓದಿದ್ದು, ಅಮ್ಮನಿಗೆ ಹೇಳಿದ್ದು? ನನ್ನ ತರ್ಕದಲ್ಲಿ ಎಲ್ಲೋ ತಪ್ಪಿದೆ ಎಂದೇ ಭಾವಿಸಿದೆ. ಪಾಠಪುಸ್ತಕ ತಪ್ಪಿರಬಹುದು ಎಂಬ ಯೋಚನೆ ನನಗೆ ಬರಲೇ ಇಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಬೇಸರವಾಗುತ್ತದೆ. ಸಾಕ್ಷಿ ನನ್ನ ಕೈಬರಹದಲ್ಲೇ ಕಣ್ಣೆದುರಿಗಿತ್ತು.

ಅದೇ ವರ್ಷದ ಬೇಸಗೆಯಲ್ಲಿ ಉತ್ತರ ಬಂತು, ಮಿಶಿಗನ್ ಸರೋವರದ ಆಚೆ ದಡದಿಂದ. ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದ ಟೋನಿ ಗ್ಯಾಂಬಲ್ ಮತ್ತು ಜೊತೆಗಾರರು ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ. ಒಂದು ಬೋವಾ ಜಾತಿಯಲ್ಲೂ ಬರ್ಮಾ ಹೆಬ್ಬಾವಿನಲ್ಲೂ ಲಿಂಗ ನಿರ್ಧಾರ ಎಕ್ಸ್-ವೈ ಬಗೆಯದು, ಎರಡರಲ್ಲೂ ಅದು ಬೇರೆ ಬೇರೆಯಾಗಿ ಹುಟ್ಟಿಕೊಂಡದ್ದು ಎಂದು ಅವರು ಡಿಎನ್‌ಎ ಓದಿ ತೋರಿಸಿದ್ದರು. ಸುಮಾರು ಐವತ್ತು ವರ್ಷ ಎಲ್ಲ ಹಾವುಗಳಿಗೂ ಒಂದೇ ನಿಯಮವೆಂದು ನಂಬಿದ್ದು ಅಲ್ಲಿಗೆ ಬಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 2016ರಲ್ಲಿ, ಬ್ರೆಜಿಲ್ಲಿನ ‘ಫಿಲೊಮೆಡೂಸ’ ಎಂಬ ಪತ್ರಿಕೆಯಲ್ಲಿ ಇದೇ ಬಣ್ಣದ ಬಾಲ್ ಪೈಥಾನ್‌ಗಳ ಮರಿಗಳ ಲೆಕ್ಕ ಹಿಡಿದು ಇಬ್ಬರು ಇದೇ ಪ್ರಶ್ನೆಯನ್ನು ಎತ್ತಿದ್ದರು. ನೆಲಮಾಳಿಗೆಗಳಲ್ಲಿ ಕೂತು ಬಾಲದ ಬುಡ ಒತ್ತಿ ಬರೆದುಕೊಂಡವರ ಲೆಕ್ಕ ವಿಜ್ಞಾನದ ಪುಟಕ್ಕೆ ಹತ್ತಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ನೆಲಮಾಳಿಗೆಗೆ ಇಳಿದು ‘ಆಕಸ್ಮಿಕ’ವನ್ನು ಹೊಡೆದು ‘ವೈ’ ಎಂದು ಬರೆದೆ. ಎರಡನೆಯ ಕಾಟು ಅದು.

ಆ ಒಂಟಿ ಬನಾನಾ ಹೆಣ್ಣಿನ ಅರ್ಥವೂ ಆಗ ಹೊಳೆಯಿತು. ವೀರ್ಯಾಣು ಆಗುವಾಗ ಎಕ್ಸ್ ಮತ್ತು ವೈ ಒಂದಕ್ಕೊಂದು ತುಂಡುಗಳನ್ನು ಬದಲಾಯಿಸಿಕೊಳ್ಳುವುದುಂಟು. ಹಾಗೆ ಅಪರೂಪಕ್ಕೆ ಬಣ್ಣದ ಜೀನ್ ವೈ ಬಿಟ್ಟು ಎಕ್ಸಿಗೆ ದಾಟಿ, ಒಬ್ಬ ಮಗಳಿಗೆ ಸಿಕ್ಕಿದೆ. ಅವಳಿಗೆ ನೇಂದ್ರ ಎಂದು ಹೆಸರಿಟ್ಟು ಮನೆಯಲ್ಲೇ ಉಳಿಸಿಕೊಂಡೆ.

ಅಮ್ಮನಿಗೆ ಫೋನ್ ಮಾಡಿದೆ. ಊರಿನಲ್ಲಿ ಬೆಳಿಗ್ಗೆ, ಮಳೆಯ ಸದ್ದು ಕೇಳುತ್ತಿತ್ತು.

“ಅಮ್ಮ, ಹೋದ ವರ್ಷ ನಾನು ನಿನಗೆ ತಪ್ಪು ಹೇಳಿದ್ದೆ. ನಮ್ಮ ಹಾವುಗಳಲ್ಲಿ ತಾಯಿಯಿಂದ ಅಲ್ಲ. ಅವುಗಳಲ್ಲೂ ಅಪ್ಪನಿಂದಲೇ.”

“ಎಲ್ಲ ಹಾವಿನಲ್ಲೂವಾ?”

“ಇಲ್ಲ. ನಾಗರಹಾವಿನಲ್ಲಿ ತಾಯಿಯಿಂದಲೇ. ಹೆಬ್ಬಾವಿನ ಜಾತಿಯಲ್ಲಿ ಅಪ್ಪನಿಂದ.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. “ನೀನು ಕಾಲೇಜಿನಿಂದ ಬಂದು ಹೇಳಿದೆಯಲ್ಲ, ಅವತ್ತು ರಾತ್ರಿಯೇ ನಿನ್ನ ಅಪ್ಪನಿಗೆ ಹೇಳಿದ್ದೆ. ಅವರು ಎಂತದೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಸೀದಾ ಅಜ್ಜಿಯ ಹತ್ತಿರ ಹೋಗಿ, ಇನ್ನು ಅವಳಿಗೆ ಆ ಮಾತು ಹೇಳುವುದು ಬೇಡ, ಹೇಳುವುದಿದ್ದರೆ ನನಗೆ ಹೇಳಿ ಅಂದರು. ಆಮೇಲೆ ಅಜ್ಜಿ ಇರುವವರೆಗೆ ಮತ್ತೆ ಆ ಮಾತು ಬರಲಿಲ್ಲ.”

ಅಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಅವರು ಹಾಗೆ ಹೇಳಿದ್ದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮೂರನೆಯ ಕಾಟು ನನಗೆ ಹೇಳಲು ಕಷ್ಟವಾದದ್ದು. 2018ರ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಹೊನ್ನಿಯ ಟಬ್ ಎಳೆದರೆ, ಅವಳು ಐದು ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿದ್ದಳು. ಹೊನ್ನಿಯನ್ನು ನಾನು ಎಂದೂ ಗಂಡಿಗೆ ಕೂಡಿಸಿರಲಿಲ್ಲ. ಅವಳು ಮಗನ ಹಾವು, ಅವಳನ್ನು ಹಾಗೆಯೇ ಇರಿಸಬೇಕೆಂದು ಅವನೇ ಕೇಳಿಕೊಂಡಿದ್ದ. ಮೂರು ಮೊಟ್ಟೆ ಜೊಳ್ಳು. ಉಳಿದೆರಡಕ್ಕೆ ಕತ್ತಲೆಯಲ್ಲಿ ಟಾರ್ಚ್ ಹಿಡಿದಾಗ ಒಳಗೆ ಕೆಂಪು ನರಗಳು ಕವಲೊಡೆದದ್ದು ಕಂಡಿತು. ಜೀವವಿತ್ತು.

ಮಗನಿಗೆ ಆಗ ಹದಿನೇಳು. ಕಾಲೇಜಿಗೆ ಹೊರಡುವ ವರ್ಷ. ಕೆಲವು ತಿಂಗಳ ಹಿಂದೆ ನಾವಿಬ್ಬರೂ ಮದುವೆಯೊಂದಕ್ಕೆ ಹೋದಾಗ ಮನೆಯಲ್ಲಿ ಅವನೂ ಅವನ ಗೆಳೆಯರೂ ಇದ್ದರು. “ನೀನು ಯಾವ ಗಂಡನ್ನು ಬಿಟ್ಟೆ?” ಎಂದು ಕೇಳಿದೆ. ಬಿಡಲಿಲ್ಲ ಎಂದ. ಗೆಳೆಯರು ಬಿಟ್ಟಿರಬಹುದು ಎಂದೆ. ಇಲ್ಲ ಎಂದ. “ಸುಳ್ಳು ಹೇಳುವುದಕ್ಕಿಂತ ತಪ್ಪು ಒಪ್ಪಿಕೊಳ್ಳುವುದು ವಾಸಿ” ಎಂದುಬಿಟ್ಟೆ. ಅವನ ಮುಖದಲ್ಲಿ ಏನೋ ಮುಚ್ಚಿಕೊಂಡ ಹಾಗಾಯಿತು. ಆ ಮೇಲೆ ಎರಡು ತಿಂಗಳು ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡಿದ. ಪುಸ್ತಕದಲ್ಲಿ ತಂದೆಯ ಕಾಲಮ್ಮಿನ ಎದುರು ‘ಗೊತ್ತಿಲ್ಲ, ಮಗ ಹೇಳುತ್ತಿಲ್ಲ’ ಎಂದು ಬರೆದಿಟ್ಟೆ.

ಐವತ್ತೊಂಬತ್ತನೆಯ ದಿನ ಮೊಟ್ಟೆ ಸೀಳಿತು. ಒಂದು ಮರಿ ಕಂದು, ಸಾಮಾನ್ಯ. ಇನ್ನೊಂದರ ತಲೆ ಹೊರಬಂದಾಗ ನಾನು ಅಲ್ಲೇ ನೆಲಕ್ಕೆ ಕೂತೆ. ಹೊಳೆಯುವ ಹಳದಿ, ಮಾಸಲು ತಿಳಿನೇರಳೆ ತಲೆ: ಸೂಪರ್ ಪಾಸ್ಟೆಲ್. ಪಾಸ್ಟೆಲ್ ಜೀನ್ ಒಂದಿದ್ದರೆ ಹೊನ್ನಿಯ ಹಾಗೆ ಪಾಸ್ಟೆಲ್. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಸಿಕ್ಕಿದರೆ ಮಾತ್ರ ಸೂಪರ್. ನಮ್ಮ ಮನೆಯಲ್ಲಿ ಪಾಸ್ಟೆಲ್ ಗಂಡು ಇರಲಿಲ್ಲ. ಎಂದೂ ಇರಲಿಲ್ಲ. ಮಗ ಯಾವ ಗಂಡನ್ನು ಬಿಟ್ಟಿದ್ದರೂ ಈ ಮರಿ ಹುಟ್ಟುತ್ತಿರಲಿಲ್ಲ.

ಗಂಡಿಲ್ಲದೆ ಹೆಬ್ಬಾವುಗಳು ಮರಿ ಮಾಡುವುದುಂಟು. ಬಾಲ್ ಪೈಥಾನ್‌ನಲ್ಲೂ ಅದು ನಡೆಯುತ್ತದೆ ಎಂದು ವಾರೆನ್ ಬೂತ್ ಮತ್ತು ಸಂಗಡಿಗರು 2014ರಲ್ಲೇ ಡಿಎನ್‌ಎ ಹೋಲಿಸಿ ತೋರಿಸಿದ್ದರು. ತಾಯಿಯ ಅಂಡಾಣು ವಿಭಜನೆಯಾಗುವಾಗ ಬೇರ್ಪಟ್ಟ ಭಾಗವೊಂದು ಹಿಂದಿರುಗಿ ಅಂಡದೊಡನೆ ಸೇರಿಕೊಂಡು ವೀರ್ಯಾಣುವಿನ ಕೆಲಸ ಮಾಡುತ್ತದೆ. ಹಾಗಾದಾಗ ತಾಯಿಯ ಜೋಡಿ ಜೀನ್‌ಗಳಲ್ಲಿ ಒಂದೇ ಇಮ್ಮಡಿಯಾಗುತ್ತದೆ. ಹೊನ್ನಿಯಲ್ಲಿದ್ದದ್ದು ಪಾಸ್ಟೆಲ್ ಒಂದು, ಸಾಮಾನ್ಯ ಒಂದು. ಒಂದು ಮೊಟ್ಟೆಯಲ್ಲಿ ಪಾಸ್ಟೆಲ್ ಇಮ್ಮಡಿಯಾಯಿತು, ಇನ್ನೊಂದರಲ್ಲಿ ಸಾಮಾನ್ಯ. ತಾಯಿಯಂಥ ಬಣ್ಣದ ಮರಿ ಒಂದೂ ಇಲ್ಲ. ತಾಯಿಗೆ ವೈ ಇಲ್ಲದ ಕಾರಣ ಹುಟ್ಟಿದವು ಎರಡೂ ಹೆಣ್ಣೇ. ಹಿಂದಿನ ವರ್ಷ ಕದಳಿ ಕಲಿಸಿದ್ದು ಇಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಬಂದಿತ್ತು. ಇದನ್ನೆಲ್ಲ ಓದಿ ತಿಳಿದಿದ್ದ ನಾನು ಏಪ್ರಿಲಿನಲ್ಲಿ ಒಂದು ಕ್ಷಣವೂ ಅದನ್ನು ನೆನೆಯಲಿಲ್ಲ. ಮೊದಲು ಕಣ್ಣಿಗೆ ಬಿದ್ದವನು ಮಗ.

ಮೇಲೆ ಹೋಗಿ ಅವನ ಕೋಣೆಯ ಬಾಗಿಲು ತಟ್ಟಿದೆ. ಏನು ಹೇಳಬೇಕೆಂದು ಯೋಚಿಸಿದ್ದೆಲ್ಲ ಮರೆತುಹೋಯಿತು. “ಸೂಪರ್ ಬಂದಿದೆ” ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಚೌಕ ಬರೆಯದೆಯೇ ಅವನಿಗೆ ಅರ್ಥವಾಯಿತು. “ನನ್ನದು ತಪ್ಪಾಯಿತು ಮಗಾ, ನಿನ್ನನ್ನು ನಂಬಬೇಕಿತ್ತು” ಅಂದೆ. ಅವನು ಉತ್ತರ ಕೊಡದೆ ನನ್ನನ್ನು ದಾಟಿ ಮೆಟ್ಟಿಲಿಳಿದು ಓಡಿದ. ನಾನು ಕೆಳಗೆ ಹೋಗುವ ಹೊತ್ತಿಗೆ ಇನ್‌ಕ್ಯುಬೇಟರಿನ ಗಾಜಿಗೆ ಹಣೆ ಒತ್ತಿ ನಿಂತಿದ್ದ. ಪುಸ್ತಕ ತೆರೆದೇ ಇತ್ತು. ನಾನು ಬರೆದದ್ದನ್ನು ಅವನು ಓದಿದ್ದಾನೆಂದು ಗೊತ್ತಾಯಿತು. ಅವನ ಎದುರೇ ಆ ಸಾಲನ್ನು ಹೊಡೆದು ಪೆನ್ನು ಅವನ ಕೈಗೆ ಕೊಟ್ಟೆ. ‘ತಂದೆ: ಇಲ್ಲ’ ಎಂದು ಅವನ ಅಕ್ಷರದಲ್ಲಿದೆ.

ಕಂದು ಮರಿ ಒಂದೂ ಇಲಿ ಮುಟ್ಟದೆ ಇಪ್ಪತ್ತು ದಿನಕ್ಕೆ ಸತ್ತುಹೋಯಿತು. ಹೆಚ್ಚಿನ ಜೀನ್‌ಗಳು ಇಮ್ಮಡಿಯಾದಾಗ ಅಡಗಿದ್ದ ದೋಷಗಳೂ ಹೊರಬರುತ್ತವೆ, ಇಂಥ ಮರಿಗಳು ಬಹಳಷ್ಟು ಬದುಕುವುದಿಲ್ಲ. ಹಳದಿಯದು ಬದುಕಿತು. ಈಗ ಅದು ಮಗನ ಮನೆಯಲ್ಲಿದೆ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದ ಬಾಲ್ ಪೈಥಾನ್ ಒಂದು, 62 ವರ್ಷವಾದರೂ ಆಗಿರಬಹುದೆಂದು ಅಂದಾಜಿಸಿದ ಮುದುಕಿ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಸಂಗವಿಲ್ಲದೆ ಏಳು ಮೊಟ್ಟೆ ಇಟ್ಟಿತೆಂದು ಸುದ್ದಿಯಾದಾಗ, ಅವನು ಆ ಸುದ್ದಿಯನ್ನು ನನಗೆ ಕಳಿಸಿ ಕೆಳಗೆ ಬರೆದಿದ್ದ: “ಯಾರ ಮಗನನ್ನು ಬೈದರೋ ಪಾಪ.” ಅದನ್ನು ಓದಿ ನಾವಿಬ್ಬರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಅವನು ಕ್ಷಮಿಸಿದ್ದಾನೆಂದು ನನಗೆ ನಿಜವಾಗಿ ಅನಿಸಿದ್ದು ಅಂದು.

ನೇಂದ್ರ 2021ರಲ್ಲಿ ತಾಯಿಯಾದಳು. ಅವಳ ಬನಾನಾ ಮರಿಗಳು ಮೂರು, ಎರಡು ಗಂಡು, ಒಂದು ಹೆಣ್ಣು. ತಾಯಿಯ ಎಕ್ಸ್ ಗಂಡಿಗೂ ಹೋಗುತ್ತದೆ, ಹೆಣ್ಣಿಗೂ ಹೋಗುತ್ತದೆ. ಗಂಡುಗಳಲ್ಲಿ ಒಂದನ್ನು ಏಲಕ್ಕಿ ಎಂದು ಇಟ್ಟುಕೊಂಡೆ. ಅಜ್ಜ ಕದಳಿಯದು ವೈ ಮೇಲಿದ್ದ ಬಣ್ಣ, ಮೊಮ್ಮಗನದು ಎಕ್ಸ್ ಮೇಲೆ. ನೋಡಲು ಇಬ್ಬರೂ ಒಂದೇ. ನನ್ನ ಲೆಕ್ಕ ಸರಿಯಿದ್ದರೆ ಇವನ ಬಣ್ಣ ಹೆಣ್ಣುಮಕ್ಕಳಿಗೆ ಹೋಗಬೇಕು. 2023ರ ಆಗಸ್ಟಿನಲ್ಲಿ ಏಲಕ್ಕಿಯ ಮೊದಲ ಎಂಟು ಮೊಟ್ಟೆಗಳು ಒಡೆದವು.

ಸೆಪ್ಟೆಂಬರಿನಲ್ಲಿ ಅಮ್ಮನೇ ಫೋನ್ ಮಾಡಿದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ 78 ಪ್ರಾಣಿಗಳು ಸಿಕ್ಕಿದ್ದವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, ಮತ್ತು ಸತ್ತುಹೋಗಿದ್ದ ಆರು ಮಂಗಗಳು. ಟಿವಿಯಲ್ಲಿ ನೋಡಿದರಂತೆ. “ನಿನ್ನ ಹಾವುಗಳೇ ಅವು, ನನಗೆ ಗುರುತು ಸಿಕ್ಕಿತು” ಅಂದರು. ದನಿ ನಡುಗುತ್ತಿತ್ತು. ಹೌದು ಅಂದೆ. ಆ ಹಾವುಗಳಿಗೆಲ್ಲ ತಾಯಿ ಯಾರು, ತಂದೆ ಯಾರು ಎಂದು ಯಾರಾದರೂ ಬರೆದಿಟ್ಟಿದ್ದರೋ ಎಂದು ನಾನು ಯೋಚಿಸುತ್ತಿದ್ದೆ. ಚೀಲದಲ್ಲಿ ತುಂಬಿ ಸಾಗಿಸುವವರಿಗೆ ಅದು ಬೇಕಾಗಿರುವುದಿಲ್ಲ. ಈ ಬಣ್ಣಗಳ ಆಸೆಯಲ್ಲಿ ನನ್ನದೂ ಒಂದು ಪಾಲಿದೆ ಎಂಬ ನೋವು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮಾತು ಬೇರೆ ಕಡೆ ತಿರುಗಿಸಲೋ ಏನೋ, ಅಮ್ಮ ಕೇಳಿದರು, “ಆ ಏಲಕ್ಕಿಯದು ಏನಾಯಿತು? ಒಡೆಯಿತಾ?”

“ಎಂಟೂ ಒಡೆದವು. ಮೂರು ಕಂದು, ಅವು ಗಂಡು. ಬನಾನಾ ಐದು.”

“ಐದು ಎಂತದು?”

“ಐದೂ ಹೆಣ್ಣು, ಅಮ್ಮ.”

“ಒಳ್ಳೆದಾಯ್ತು” ಅಂದರು ಅಮ್ಮ. ಆಮೇಲೆ, “ತಿನ್ನಲಿಕ್ಕೆ ಶುರು ಮಾಡಿದ್ದಾವಾ?” ಎಂದು ಕೇಳಿದರು.

ನಾಲ್ಕು ಶುರು ಮಾಡಿವೆ, ಒಂದು ಇನ್ನೂ ಹಟ ಮಾಡುತ್ತಿದೆ ಎಂದೆ.